ವಾಸಿಯಾದ ಕಾಲಿನ ಹೊಸ ನೋವು

ಹೇಮಾವತಿಯ ಸೇತುವೆ ಕಣ್ಣಿಗೆ ಕಾಣುತ್ತಿತ್ತು. ಹೊಳೆನರಸೀಪುರ ಮುಟ್ಟಿದರೆ ಸವಾರಿ ಮುಗಿಯುತ್ತಿತ್ತು. ಆದರೆ ರೂಪಶ್ರೀ ಸೈಕಲ್ ನಿಲ್ಲಿಸಿದಳು. ಬಲಗಾಲು ಊರಲು ನೋಡಿದಳು, ಆಗಲಿಲ್ಲ. ರಸ್ತೆಯ ಅಂಚಿನಲ್ಲೇ ಕುಸಿದು ಕೂತಳು. ಹಿಂದಿನಿಂದ ಬಂದ ಅರಕಲಗೂಡಿನ ಧನ್ಯಾ ಅವಳನ್ನು ದಾಟಿಕೊಂಡು ಹೋದಳು.

ಜಿಲ್ಲಾ ತಂಡದ ಆಯ್ಕೆಗೆ ಮುಂಚಿನ ಕೊನೆಯ ಅಭ್ಯಾಸ ಅದು.

ಮಧ್ಯಾಹ್ನದೊಳಗೆ ಹಾಸನದ ಸೈಕಲ್ ಮಂದಿಗೆಲ್ಲ ಸುದ್ದಿ ಮುಟ್ಟಿತು. ರೂಪಶ್ರೀಯ ಕಾಲಿನ ಹಳೇ ಉಳುಕು ಮರುಕಳಿಸಿದೆಯಂತೆ. ತಪ್ಪು ಯಾರದು? ಫಿಸಿಯೋಥೆರಪಿ ಮಾಡಿದ ಮೈತ್ರೇಯಿಯದು. ಪಾದದ ಗಿಣ್ಣು ಪೂರ್ತಿ ವಾಸಿಯಾಗುವ ಮೊದಲೇ ಹುಡುಗಿಯನ್ನು ಸೈಕಲ್ ಹತ್ತಿಸಿಬಿಟ್ಟಳು. ತರಬೇತುದಾರ ಗಿರಿಧರ ಮೈತ್ರೇಯಿಗೇ ಫೋನ್ ಮಾಡಿ ಇದನ್ನೇ ಹೇಳಿದರು. ಇನ್ನು ಮುಂದೆ ತಮ್ಮ ಸವಾರರಲ್ಲಿ ಒಬ್ಬರನ್ನೂ ಅವಳ ಕ್ಲಿನಿಕ್ಕಿಗೆ ಕಳಿಸುವುದಿಲ್ಲ ಎಂದೂ ಸೇರಿಸಿದರು.

ಮೈತ್ರೇಯಿ ಫೋನ್ ಕೆಳಗಿಟ್ಟಳು. ಅಷ್ಟು ಹೊತ್ತಿಗೆ ರೂಪಶ್ರೀಯನ್ನು ಅವಳ ಅಣ್ಣ ದೇವರಾಜ್ ಎತ್ತಿಕೊಂಡೇ ಒಳಗೆ ತಂದಿದ್ದ. ಅವಳನ್ನು ಮಂಚದ ಮೇಲೆ ಕೂರಿಸಿ, ಐಸ್ ತರುತ್ತೇನೆಂದು ಹೊರಗೆ ಓಡಿದ.

ಮೈತ್ರೇಯಿ ಗಿಣ್ಣಿನ ಹೊರಬದಿಯನ್ನು ಒತ್ತಿದಳು. ಬೇಸಿಗೆಯಲ್ಲಿ ಉಳುಕಿದ್ದು ಅಲ್ಲೇ.

"ಇಲ್ಲಿ ನೋವಾ?"

"ಇಲ್ಲ ಮೇಡಂ."

ಪಾದವನ್ನು ಒಳಕ್ಕೆ ತಿರುಗಿಸಿದಳು. ನೋವಿಲ್ಲ. ಬೆರಳು ಹಿಂದಕ್ಕೆ ಹೋಯಿತು. ಮೀನಖಂಡದಿಂದ ಇಳಿದು ಹಿಮ್ಮಡಿಗೆ ಸೇರುವ ದಪ್ಪ ನರವನ್ನು ಮೆಲ್ಲಗೆ ಹಿಸುಕಿದಳು. ರೂಪಶ್ರೀ ಕಾಲನ್ನು ಎಳೆದುಕೊಂಡಳು.

ಹಳೇ ಉಳುಕು ವಾಸಿಯಾಗಿತ್ತು. ಇದು ಬೇರೆಯೇ ನೋವು.

"ಯಾವಾಗಿಂದ ಇದು?"

ರೂಪಶ್ರೀ ತಲೆ ತಗ್ಗಿಸಿದಳು. "ಗೌರಿ ಹಬ್ಬ ಕಳ್ದ್ ಮ್ಯಾಗೆ ಶುರುವಾಯ್ತು. ಬೆಳಿಗ್ಗೆ ಎದ್ದೇಟ್ಗೆ ಇಮ್ಮಡಿ ಇಡ್ಕಳದು. ಯಾರ್ಗೂ ಏಳ್ಲಿಲ್ಲ. ಅವ್ವಂಗೂ ಇಲ್ಲ, ಅಣ್ಣಂಗೂ ಇಲ್ಲ. ಏಳುದ್ರೆ ಸೈಕಲ್ ಬುಡುಸ್ಬುಡ್ತಾರೆ ಅಂತ."

ಮೈತ್ರೇಯಿ ಅವಳ ಸೈಕಲ್ ಶೂಗಳನ್ನು ತಿರುಗಿಸಿದಳು. ಅಟ್ಟೆಯ ಕೆಳಗೆ, ಪೆಡಲನ್ನು ಕಚ್ಚಿಕೊಳ್ಳುವ ಕ್ಲೀಟ್ ಇರುತ್ತದೆ. ಮತ್ತೆ ಸೈಕಲ್ ಹತ್ತಿಸುವ ದಿನ ಎರಡೂ ಶೂಗಳಿಗೆ ಅದನ್ನು ಕೂರಿಸಿದವಳು ಅವಳೇ. ಎಡಗಾಲಿನದು ಇದ್ದಲ್ಲೇ ಇತ್ತು. ಬಲಗಾಲಿನದು?

ಬಲಗಾಲಿನ ಅಟ್ಟೆಯೆಲ್ಲ ಜಲ್ಲಿಕಲ್ಲಿಗೆ ಉಜ್ಜಿ ಗೀರು ಬಿದ್ದಿತ್ತು. ಕ್ಲೀಟಿನ ಹಿಂಬದಿಯಲ್ಲಿ ಮಾತ್ರ ಕಿರುಬೆರಳ ಉಗುರಿನಷ್ಟು ಅಗಲದ ಒಂದು ಪಟ್ಟಿ ಹೊಸದರಂತೆ ಹೊಳೆಯುತ್ತಿತ್ತು. ಕ್ಲೀಟ್ ಮೊದಲು ಆ ಜಾಗವನ್ನು ಮುಚ್ಚಿಕೊಂಡಿತ್ತು. ಈಗ ಬೆರಳುಗಳ ಕಡೆಗೆ ಸರಿದಿದೆ. ತಾನಾಗಿ ಸಡಿಲವಾಯಿತೇ? ಬೋಲ್ಟುಗಳನ್ನು ಅಲುಗಿಸಿ ನೋಡಿದಳು. ಬಿಗಿಯಾಗಿದ್ದವು.

ಯಾರೋ ಬಿಚ್ಚಿ, ಸರಿಸಿ, ಮತ್ತೆ ಬಿಗಿ ಮಾಡಿದ್ದಾರೆ. ಬೆರಳ ತುದಿಯಲ್ಲಿ ತುಳಿದಷ್ಟೂ ಭಾರವೆಲ್ಲ ಹಿಮ್ಮಡಿಯ ನರದ ಮೇಲೆ ಬೀಳುತ್ತದೆ. ಒಂದೇ ದಿನದಲ್ಲಿ ಗೊತ್ತಾಗುವುದಿಲ್ಲ. ತುಳಿದು ತುಳಿದು ನರ ಸೊರಗುತ್ತದೆ.

ಯಾರು? ಏಕೆ?

ಏಕೆ ಎಂಬುದು ಮೈತ್ರೇಯಿಗೆ ಮೊದಲು ಹೊಳೆಯಿತು, ಹೊಳೆದು ಮನಸ್ಸನ್ನು ಕುಟುಕಿತು. ಕಾಲೇಜಿನಲ್ಲಿದ್ದಾಗ ಅವಳೂ ಸೈಕಲ್ ಓಡಿಸಿದವಳು. ಅವಳ ಗಿಣ್ಣೂ ಉಳುಕಿತ್ತು. ಆಗ ಸರಿಯಾಗಿ ನೋಡುವವರಿರಲಿಲ್ಲ. ಇಂದಿಗೂ ಮೆಟ್ಟಿಲಿಳಿಯುವಾಗ ಅದು ಲಟಕ್ಕೆನ್ನುತ್ತದೆ. ರೂಪಶ್ರೀ ನೋವಿಲ್ಲದೆ ಪೆಡಲ್ ತುಳಿದ ದಿನ ಕ್ಲಿನಿಕ್ಕಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದ್ದರು. ಮೈತ್ರೇಯಿಯೂ ತಟ್ಟಿದ್ದಳು. ಆದರೆ ಎದೆಯೊಳಗೆ ಏನೋ ಕಹಿಯಾದದ್ದು ಏರಿ ಬಂದಿತ್ತು — ನನಗೆ ಸಿಗದೇ ಹೋದದ್ದು ಇವಳಿಗೆ ಸಿಕ್ಕಿತು. ನಾನೇ ಕೊಟ್ಟೆ.

ಆ ಕಹಿ ಇನ್ನಾರಲ್ಲಿತ್ತು?

ಮೊದಲು ಧನ್ಯಾ. ಆಯ್ಕೆಯಲ್ಲಿ ರೂಪಶ್ರೀಗೆ ಸರಿಸಾಟಿ ಅವಳೊಬ್ಬಳೇ. ಅಭ್ಯಾಸದ ಹಿಂದಿನ ದಿನ ಇಬ್ಬರೂ ಹೊಳೆನರಸೀಪುರದಲ್ಲಿ ಒಂದೇ ಕೋಣೆಯಲ್ಲಿ ಬಟ್ಟೆ ಬದಲಿಸಿದ್ದರು. ಧನ್ಯಾಳ ಚೀಲದಲ್ಲಿ ಅಂಥ ಬೋಲ್ಟು ಬಿಚ್ಚುವ ಅಲೆನ್ ಕೀ ಸದಾ ಇರುತ್ತದೆ. ಮೈತ್ರೇಯಿ ಅರಕಲಗೂಡಿಗೇ ಹೋಗಿ ಕೇಳಿದಳು. ಹುಡುಗಿ ಕಣ್ಣು ತಪ್ಪಿಸಲಿಲ್ಲ.

"ಅವಳನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ ಮೇಡಂ. ಇಲ್ಲ ಅಂತ ಯಾಕೆ ಹೇಳ್ಲಿ? ಕಾಲು ಉಳುಕಿಸಿಕೊಂಡು ಮನೇಲಿದ್ರೂ ಎಲ್ಲರ ಬಾಯಲ್ಲೂ ಅವಳ ಹೆಸರೇ. ಆದ್ರೆ ಕುಂಟೋಳನ್ನ ಸೋಲಿಸಿ ನಂಗೇನು ಬರುತ್ತೆ?"

ಮಾತು ನಂಬುವಂತಿತ್ತು. ಮಾತಿಗಿಂತ ನಂಬುವಂಥದ್ದು ಇನ್ನೊಂದಿತ್ತು: ನೋವು ಶುರುವಾದದ್ದು ಹಬ್ಬ ಕಳೆದ ಮೇಲೆ, ಧನ್ಯಾ ಆ ಶೂಗಳ ಹತ್ತಿರ ಬಂದದ್ದು ಮೊನ್ನೆ ಮಾತ್ರ.

ಇನ್ನು ಗಿರಿಧರ. ಹೊಳೆನರಸೀಪುರದ ತಮ್ಮ ಮನೆಯಲ್ಲಿ ಅವರು ಮೊದಮೊದಲು ಸಿಡಿಮಿಡಿಗೊಂಡರು. ಅಟ್ಟೆಯ ಗುರುತನ್ನು ಕಂಡಮೇಲೆ ಮೆತ್ತಗಾದರು. ತಮಗೂ ಒಳಗೊಳಗೇ ಸಂಕಟವಿತ್ತೆಂದು ಒಪ್ಪಿಕೊಂಡರು. ಹುಡುಗಿಯನ್ನು ಬೆಳೆಸಿದ್ದು ತಾವು, ಅವಳು ಹೋದಲ್ಲೆಲ್ಲ ಕೊಂಡಾಡುವುದು ಮೈತ್ರೇಯಿ ಮೇಡಂ ಅವರನ್ನು. ಆದರೆ ಅವಳ ಶೂ ತಮ್ಮ ಕೈಗೆ ಬಂದದ್ದೇ ಇಲ್ಲ. ಅದು ದುದ್ದದಲ್ಲಿರುವ ಅವಳ ಮನೆಯಲ್ಲೇ ಇರುತ್ತದೆ. ಮೊನ್ನೆಯವರೆಗೂ ಹುಡುಗಿ ತನ್ನೂರಿನ ರಸ್ತೆಯಲ್ಲೇ ಅಭ್ಯಾಸ ಮಾಡಿದ್ದಳು.

ದುದ್ದದ ಮನೆ!

ಮೈತ್ರೇಯಿ ಅಲ್ಲಿಗೆ ಹೋದಾಗ ದೇವರಾಜ್ ಡೈರಿಗೆ ಹಾಲು ಹಾಕಿ ಇನ್ನೂ ಬಂದಿರಲಿಲ್ಲ. ತಾಯಿ ಸುಬ್ಬಮ್ಮ ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ಮೆಟ್ಟಿಲ ಬಳಿ ರೂಪಶ್ರೀಯ ಚಪ್ಪಲಿಗಳಿದ್ದವು. ಬಲಗಾಲಿನ ಚಪ್ಪಲಿಯ ಹಿಮ್ಮಡಿಯಲ್ಲಿ ಕಪ್ಪು ರಬ್ಬರಿನ ತುಂಡೊಂದನ್ನು ನೀಟಾಗಿ ಕತ್ತರಿಸಿ ಅಂಟಿಸಿತ್ತು. ಕೊಟ್ಟಿಗೆಯಲ್ಲಿ ಹಸುಗಳಿಗೆ ಹಾಸುವ ಮ್ಯಾಟಿನ ತುಂಡು.

"ನಮ್ ದೇವರಾಜ ಮಾಡ್ಕೊಟ್ಟಿದ್ದು ಕಣವ್ವ," ಎಂದರು ಸುಬ್ಬಮ್ಮ. "ತಂಗಿ ಅಂದ್ರೆ ಪ್ರಾಣ ಅವ್ನ್ಗೆ. ಕಾಲ್ಗೆ ಮೆತ್ಗಿರ್ಲಿ ಅಂತ."

"ಯಾವಾಗ ಮಾಡಿಕೊಟ್ರು ಅಮ್ಮ?"

"ಗೌರಿ ಹಬ್ಬದ್ ಇಂದ್ಲ್ ದಿನ. ನಾನು ಅಬ್ಬಕ್ಕೆ ಮನೆ ಸಾರಿಸ್ತಿದ್ದೆ, ಅವ್ನು ಇಲ್ಲೇ ಕೂತು ಕುಯ್ತಿದ್ದ."

ಮೈತ್ರೇಯಿ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟಳು.

ದೇವರಾಜ್ ಬಂದ. ಖಾಲಿ ಕ್ಯಾನುಗಳನ್ನು ಇಳಿಸಿ ಜಗಲಿಯತ್ತ ನಡೆದು ಬರುವಾಗ ಎಡಗಾಲನ್ನು ಸ್ವಲ್ಪ ಎಳೆಯುತ್ತಿದ್ದ. ಒಂದು ಕಾಲದಲ್ಲಿ ಅವನೂ ಹೆಸರಾದ ಸವಾರ. ಚನ್ನರಾಯಪಟ್ಟಣದ ರೇಸಿನಲ್ಲಿ ಬಿದ್ದು ಗಿಣ್ಣು ಮುರಿದುಕೊಂಡ ಮೇಲೆ ಸೈಕಲ್ ಮುಟ್ಟಿರಲಿಲ್ಲ. ಮೈತ್ರೇಯಿ ರೂಪಶ್ರೀಯನ್ನೂ ಹೊರಗೆ ಕರೆದಳು. ತಾನು ತಂದಿದ್ದ ಶೂ, ಚಪ್ಪಲಿ ಎರಡನ್ನೂ ಅಕ್ಕಪಕ್ಕದಲ್ಲಿಟ್ಟಳು.

"ದೇವರಾಜ್, ಈ ರಬ್ಬರ್ ಯಾಕೆ ಅಂಟಿಸಿದ್ರಿ?"

"ಕಾಲ್ ನೋವಲ್ವಾ ಮೇಡಂ, ಅದ್ಕೆ."

"ಯಾವ ನೋವು?"

"ಉಳುಕಿತ್ತಲ್ಲ, ಅದೇಯ."

"ಉಳುಕಿಗೆ ಪಟ್ಟಿ ಸುತ್ತಬೇಕು. ಹಿಮ್ಮಡಿ ಎತ್ತರಿಸಿದರೆ ಆರಾಮ ಸಿಗೋದು ಹಿಂದಿನ ನರಕ್ಕೆ ಮಾತ್ರ. ಆ ನರ ನೋಯೋಕೆ ಶುರುವಾಗಿದ್ದು ಹಬ್ಬ ಕಳೆದ ಮೇಲೆ. ನೀವು ರಬ್ಬರ್ ಕತ್ತರಿಸಿದ್ದು ಹಬ್ಬಕ್ಕೆ ಮುಂಚೆ. ನೋವು ಬರೋಕೆ ಮೊದಲೇ ಅದಕ್ಕೆ ಮದ್ದು ಹೇಗೆ ಬಂತು?"

ದೇವರಾಜ್ ಚಪ್ಪಲಿಯನ್ನು ಎತ್ತಿಕೊಳ್ಳಲು ಬಾಗಿದ.

ಮೈತ್ರೇಯಿ ದನಿಯೇರಿಸದೆ ಬಿಡಿಸಿ ಹೇಳಿದಳು. ಎಲ್ಲರೂ ಆ ರಬ್ಬರನ್ನು ನೋಡಿದ್ದರು, ನೋಡಿ ಅಣ್ಣನ ಪ್ರೀತಿ ಎಂದುಕೊಂಡಿದ್ದರು. ಪ್ರೀತಿಯೇ ಹೌದು. ಆದರೆ ನೋವು ಎಲ್ಲಿ ಬರುತ್ತದೆಂದು ಮೊದಲೇ ತಿಳಿದವನ ಪ್ರೀತಿ. ಕ್ಲೀಟ್ ಮುಂದೆ ಸರಿದರೆ ಹಿಮ್ಮಡಿಯ ನರ ಸೊರಗುತ್ತದೆ, ಹಿಮ್ಮಡಿ ಎತ್ತರಿಸಿದರೆ ಅದಕ್ಕೆ ಬಿಡುವು ಸಿಗುತ್ತದೆ ಎಂದು ಅವಳು ಕ್ಲಿನಿಕ್ಕಿನಲ್ಲಿ ಹೇಳಿಕೊಟ್ಟಿದ್ದು ರೂಪಶ್ರೀಗೆ. ಆಗ ಪಕ್ಕದಲ್ಲಿ ಕೂತು ಪ್ರತಿ ಮಾತನ್ನೂ ಕೇಳಿಸಿಕೊಂಡವನು ದೇವರಾಜ್ ಒಬ್ಬನೇ.

"ಕ್ಲೀಟ್ ಸರಿಸಿದ್ದು ನೀವೇ."

ಸುಬ್ಬಮ್ಮ ಮಗನ ಮುಖ ನೋಡಿದರು. ದೇವರಾಜ್ ಮೆಟ್ಟಿಲ ಮೇಲೆ ಕೂತ.

"ನನ್ ಕಾಲ್ ಮುರುದಾಗ ನಾಟಿ ವೈದ್ಯರ್ ತಾವ ಪಟ್ಟು ಕಟ್ಸುದ್ರು," ಎಂದ. "ಪಟ್ಟು ಬಿಚ್ಚುದ್ ದಿನವೇ ಹಾಲ್ ಕ್ಯಾನ್ ಎತ್ತು ಅಂದ್ರು. ನಿಮ್ಮಂಗೆ ಕೂರಿಸ್ಕಂಡು, ಒಂದೊಂದೇ ಬೆರ್ಳು ಅಲ್ಲಾಡ್ಸಿ ನೋವಾಯ್ತದಾ ಅಂತ ನನ್ನ ಯಾರೂ ಕೇಳ್ಲಿಲ್ಲ ಮೇಡಂ. ಇವ್ಳ್ನ ದಿನಾ ನಾನೇ ಬೈಕಲ್ಲಿ ಕರ್ಕಬತ್ತಿದ್ದೆ. ದಿನಾ ನೋಡ್ತಿದ್ದೆ. ಅವ್ಳ್ ಕಾಲು ಅಂಗೇ ಸರಿಯಾಯ್ತಾ ಬಂತು. ತಡ್ಕಳಕ್ಕಾಗ್ಲಿಲ್ಲ. ಈ ಒಂದ್ ಆಯ್ಕೆ ತಪ್ಪೋಗ್ಲಿ ಅಂತಷ್ಟೇ. ನನ್ನಂಗೆ ಕುಂಟಿ ಆಗ್ಬಾರ್ದು ಅಂತ ಆ ರಬ್ಬರು..."

ಅವನ ನಾಲಿಗೆಯ ಮೇಲಿದ್ದ ಕಹಿಯ ರುಚಿ ಮೈತ್ರೇಯಿಗೂ ಗೊತ್ತಿತ್ತು.

ರೂಪಶ್ರೀ ಅಳಲಿಲ್ಲ. ಒಳಗಿನಿಂದ ಅಲೆನ್ ಕೀ ತಂದಳು, ಮೈತ್ರೇಯಿ ತೋರಿಸಿದ ಜಾಗಕ್ಕೆ ತಾನೇ ಕ್ಲೀಟನ್ನು ಹಿಂದಕ್ಕೆ ಸರಿಸಿ ಬಿಗಿ ಮಾಡಿದಳು. "ನಾಳೆಯಿಂದ ನಾನು ಬಸ್ಸಲ್ಲಿ ಬತ್ತೀನಿ ಮೇಡಂ," ಎಂದಳು. ಅಣ್ಣನ ಕಡೆ ತಿರುಗಿ ನೋಡಲಿಲ್ಲ.

ಆಯ್ಕೆಗೆ ಅವಳು ಹೋಗುವಂತಿರಲಿಲ್ಲ. ಧನ್ಯಾ ತಂಡ ಸೇರಿದಳು. ರೂಪಶ್ರೀ ನೆಲದ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಏರಿಸಿ ಇಳಿಸುವ ವ್ಯಾಯಾಮಕ್ಕೆ ಮರಳಿದಳು. ಗಿರಿಧರ ಕ್ಲಿನಿಕ್ಕಿಗೆ ಬಂದು, ಆಡಿದ ಮಾತನ್ನು ಹಿಂತೆಗೆದುಕೊಂಡರು. ಮನೆಯಲ್ಲಿ ಅಣ್ಣ ತಂಗಿ ಮಾತಾಡುತ್ತಿಲ್ಲವೆಂದು ಸುಬ್ಬಮ್ಮ ಫೋನಿನಲ್ಲಿ ಅತ್ತರು.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ರೂಪಶ್ರೀ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ದೇವರಾಜ್.

"ಇವನ್ ಕಾಲ್ ನೋಡಿ ಮೇಡಂ," ಎಂದಳು. ಅಣ್ಣ ಎನ್ನಲಿಲ್ಲ. "ನಾನು ವರ್ಗಡೆ ಕೂತಿರ್ತೀನಿ."

ದೇವರಾಜ್ ಮಂಚದ ಮೇಲೆ ಕೂತು ಪ್ಯಾಂಟು ಮೇಲೆತ್ತಿದ. ವಕ್ರವಾಗಿ ಕೂಡಿಕೊಂಡ ಗಿಣ್ಣನ್ನು ಮೈತ್ರೇಯಿ ಎರಡೂ ಕೈಯಲ್ಲಿ ಹಿಡಿದಳು.

"ಮೊದ್ಲಿನಂಗೆ ಆಯ್ತದಾ?"

"ಮೊದಲಿನ ಹಾಗೆ ಆಗಲ್ಲ," ಎಂದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಈಗಿರೋದಕ್ಕಿಂತ ಚೆನ್ನಾಗಾಗುತ್ತೆ."

ಆಮೇಲೆ ಹೆಬ್ಬೆರಳನ್ನು ಮೆಲ್ಲಗೆ ಅಲುಗಿಸಿ, ನೋವಾಗುತ್ತದೆಯೇ ಎಂದು ಕೇಳಿದಳು.