ಶೈಲಶ್ರೀಗೆ ಒಪ್ಪಿಸಿದ ಕೆಲಸ

ಒಂದಾನೊಂದು ಊರಿನಲ್ಲಿ ನಲವತ್ತು ಕುರ್ಚಿ, ಏಳೇ ಜನರಿದ್ದ ಒಂದು ಸಾಫ್ಟ್‌ವೇರ್ ಕಂಪನಿಯಿತ್ತು. ಅಜ್ಜಿ ಹೇಳಿದ್ದರೆ ಹೀಗೇ ಶುರು ಮಾಡುತ್ತಿದ್ದರು. ಆದರೆ ಇದು ಕಥೆಯಲ್ಲ. ಊರು ವಾಶಿ, ಏಳನೆಯವಳು ನಾನು.

ನನಗೆ ಬೇರೆ ಕಡೆ ಕೆಲಸ ಸಿಕ್ಕಿತ್ತು. ಸೋಮವಾರ ಅಲ್ಲಿ ಸೇರಲು ಇಲ್ಲಿಂದ ಬಿಟ್ಟಿದ್ದಾರೆಂಬ ರಿಲೀವಿಂಗ್ ಲೆಟರ್ ಬೇಕೇ ಬೇಕು.

"ನಿನ್ನ ಕೆಲಸ ಯಾರಿಗಾದರೂ ಒಪ್ಪಿಸಿ ಹೋಗು ಮಾರಾಯ್ತಿ," ಎಂದರು ಮ್ಯಾನೇಜರ್ ವಿಷ್ಣುಮೂರ್ತಿ.

"ಯಾರಿಗೆ ಬಿಡುವಿದೆ ಸರ್?"

"ಶೈಲಶ್ರೀ ಹೆಸರಿಗೆ ಹಾಕು."

ಶೈಲಶ್ರೀ ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು, ಡೊಂಬಿವಲಿಯಲ್ಲಿ ಬೆಳೆದ ವಿಜಯಪುರದವರ ಹುಡುಗಿ. ಜ್ವರದಲ್ಲಿ ತೀರಿಕೊಂಡು ಎಂಟು ತಿಂಗಳಾಗಿತ್ತು. ತಂಡ ದೊಡ್ಡದಾಗಿ ಕಾಣಲೆಂದು ಕ್ಲೈಂಟ್‌ಗೆ ಕಳಿಸುವ ಪಟ್ಟಿಯಲ್ಲಿ ಅವಳನ್ನು ಇನ್ನೂ ದುಡಿಸುತ್ತಿದ್ದರು.

"ಸತ್ತವಳಿಗಾದರೂ ರಜೆ ಕೊಡಬಾರದೇ ಸರ್?"

"ಕ್ಲೈಂಟ್‌ಗೆ ಗೊತ್ತುಂಟಾ? ಸುಮ್ಮನೆ ಹಾಕು."

ಮೈಯೆಲ್ಲ ಉರಿಯಿತು. ಆದರೂ ಪರದೆಯ ಮೇಲಿದ್ದ, ಕೆಲಸ ಒಪ್ಪಿಸುವ ಫಾರ್ಮಿನಲ್ಲಿ ಅವಳ ಹೆಸರು ಹಾಕಿದೆ. ಮಧ್ಯಾಹ್ನ ಮೂರು ಗಂಟೆ. ಎಸಿ ಕೆಟ್ಟು ತಿಂಗಳಾಗಿತ್ತು. ಅವಳ ಕುರ್ಚಿಯ ಕಡೆಗಿದ್ದ ನನ್ನ ಎಡಗೈ ಮಾತ್ರ ತಣ್ಣಗಾಯಿತು. ಅವಳ ಮೇಜಿನಿಂದ ಟೈಪ್ ಮಾಡುವ ಸದ್ದು ಬಂತು. ಅಲ್ಲಿ ಕೀಬೋರ್ಡೇ ಇರಲಿಲ್ಲ.

ನನ್ನ ಪರದೆಯ ಮೇಲೆ ಅವಳ ಹೆಸರಿನಿಂದ ಪ್ರಶ್ನೆ ಮೂಡಿತು: "ವಾಣಿ, ಬ್ಯಾಕಪ್ ಎಲ್ಲಿಟ್ಟೀಯವಾ?"

ಉತ್ತರಿಸಿದೆ. ಇನ್ನೊಂದು ಬಂತು, ಮತ್ತೊಂದು. ಎಲ್ಲವೂ ಕೆಲಸ ಬಲ್ಲವಳ ಪ್ರಶ್ನೆಗಳು. ಆಮೇಲೆ ಕೊನೆಯದು: "ನನ್ನ ಯಾವಾಗ ಬಿಡ್ತಾರಂತ?"

ವಿಷ್ಣುಮೂರ್ತಿಯವರನ್ನು ಕರೆದು ಪರದೆಯನ್ನು ಅವರತ್ತ ತಿರುಗಿಸಿದೆ. "ಇದಕ್ಕೆ ನೀವೇ ಉತ್ತರ ಕೊಡಿ ಸರ್."

ಅವರು ಎರಡು ಸಲ ಓದಿದರು. ನನ್ನ ಲೆಟರಿಗೆ ಸಹಿ ಹಾಕಿ ಕೊಟ್ಟರು. ಅವಳ ಹೆಸರನ್ನು ಮಾತ್ರ ಪಟ್ಟಿಯಿಂದ ತೆಗೆಯಲಿಲ್ಲ.

ಸ್ವಲ್ಪ ಹೊತ್ತು ಕಾದು, ಶೈಲಶ್ರೀ ಫಾರ್ಮಿನಲ್ಲಿ ನನ್ನ ಕೆಲಸವನ್ನು ಒಪ್ಪಿಕೊಂಡಳು.