ಒಂದು ಚಿಟಿಕೆ ಕ್ಯಾಲ್ಸಿಯಂ

ಕಬ್ಬಿಣದ ರಾಡು ನನ್ನ ಎಡಭುಜಕ್ಕೆ ಬಿತ್ತು.

ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಕೋಣನಕುಂಟೆಯ ಆ ಗೋದಾಮಿನ ನೆಲಕ್ಕೆ ಕುಸಿದೆ. ಮಧ್ಯಾಹ್ನ ಮೂರು ಗಂಟೆ.

ಎದುರಿಗೆ ಸೀನು. ಬಣ್ಣ-ಸುಣ್ಣದ ಕಂಟ್ರಾಕ್ಟರ್. ರೌಡಿ. ಅವನ ಹಿಂದೆ ಟೇಬಲ್ಲಿನ ಮೇಲೆ ಗಾಜಿನ ತೊಟ್ಟಿ... ಒಳಗೆ ಎರಡು ತಿಂಗಳ ಗೆಕ್ಕೋ ಮರಿ. ನನ್ನ ಬೆರಳುದ್ದದ ಚುಕ್ಕೆ ಹಲ್ಲಿ. ಹೆಸರು ಕಿಟ್ಟು.

ನಗಬೇಡಿ. ಆ ಹಲ್ಲಿಗಾಗಿಯೇ ನಾನು ಅಲ್ಲಿಗೆ ಹೋಗಿದ್ದು.

ನಾನು ಭಾಗ್ಯಜ್ಯೋತಿ. ಪೊಲೀಸ್ ಕೆಲಸ ಬಿಟ್ಟು ಆರು ವರ್ಷವಾಯಿತು. ಸ್ಟೇಷನ್ನಿಗೆ ಹೋಗಲಾಗದವರು ನನ್ನ ಹತ್ತಿರ ಬರುತ್ತಾರೆ. ಅವತ್ತು ಕರೆದವರು ಜಯನಗರದ ಸೀತಾಲಕ್ಷ್ಮಿ ಮೇಡಂ. ರಿಟೈರ್ಡ್ ಬಯಾಲಜಿ ಲೆಕ್ಚರರ್. ಮನೆಗೆ ಮೊಟ್ಟೆ ತರದವರು, ಕಿಟ್ಟುವಿಗಾಗಿ ಡಬ್ಬಿ ತುಂಬ ಮಿಡತೆ ಜಾತಿಯ ಕ್ರಿಕೆಟ್ ಹುಳ ಸಾಕಿದ್ದರು.

ಅವರ ರಸ್ತೆಯ ವಾಚ್‌ಮನ್ ನೀಲಕಂಠಪ್ಪನ ಎರಡೂ ಕಾಲನ್ನು ಸೀನು ಮುರಿದಿದ್ದ. ಕಣ್ಣಾರೆ ಕಂಡವರು ಮೇಡಂ ಒಬ್ಬರೇ. ಮರುದಿನ ಕೋರ್ಟಿನಲ್ಲಿ ಸಾಕ್ಷಿ. ಅದಕ್ಕೇ ಸೀನು ಕಿಟ್ಟುವನ್ನು ಹುಳದ ಡಬ್ಬಿ ಸಮೇತ ಎತ್ತಿಕೊಂಡು ಹೋಗಿದ್ದ. ಬಾಯಿ ಬಿಟ್ಟರೆ ಹಲ್ಲಿಯನ್ನು ಹೊಸಕಿ ಹಾಕುತ್ತೇನೆಂದು ಫೋನಿನಲ್ಲಿ ಗುಡುಗಿದ್ದ.

ಮೇಡಂ ಅಳಲಿಲ್ಲ. ಅವನಿಗೇ ಊಟದ ಪಾಠ ಮಾಡಿದರು! ದಿನಕ್ಕೆ ಐದು ಹುಳ. ಕಿಟ್ಟುವಿನ ಎರಡು ಕಣ್ಣಿನ ನಡುವಿನ ಜಾಗಕ್ಕಿಂತ ದಪ್ಪ ಇರಬಾರದು. ಪ್ರತಿ ಸಲ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿಯೇ ಕೊಡಬೇಕು, ಇಲ್ಲದಿದ್ದರೆ ಬೆಳೆಯುವ ಮರಿಯ ಕಾಲು ಸೊಟ್ಟಗಾಗುತ್ತದೆ.

ಅದಕ್ಕೆ ಸೀನು ಅಂದನಂತೆ, "ಕ್ಯಾಲ್ಸಿಯಂ ತಾನೇ ಆಂಟಿ? ಇಲ್ಲಿ ಮೂಟೆಗಟ್ಲೆ ಬಿದ್ದಿದೆ. ಮೂರು ಗಂಟೆಗೆ ಹಾಕ್ತೀನಿ."

ಮೂಟೆಗಟ್ಟಲೆ... ಗೋಡೆಗೆ ಬಳಿಯುವ ಸುಣ್ಣ! ಮರಿಯ ಗಂಟಲು ಸುಟ್ಟುಹೋಗುತ್ತದೆ. ಸುಣ್ಣದ ಮೂಟೆ ಇರುವುದು ಅವನ ಗೋದಾಮಿನಲ್ಲಿ. ಸ್ಕೂಟರ್ ಹತ್ತಿ ಹೊರಟೆ.

ಬಾಗಿಲು ದಾಟುತ್ತಿದ್ದಂತೆ ಬಿದ್ದದ್ದೇ ಆ ರಾಡು.

ಈಗ ಸೀನು ರಾಡು ಬದಿಗಿಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಹುಳಗಳಿಗೆ ಸುಣ್ಣ ಹಾಕಿ ಕುಲುಕುತ್ತಿದ್ದ.

"ಅದು ಸುಣ್ಣ ಕಣೋ. ಸತ್ತೋಗುತ್ತೆ," ಎಂದೆ.

"ಸುಣ್ಣಾನೂ ಕ್ಯಾಲ್ಸಿಯಮ್ಮೇ. ಎಲ್ಲಾ ಒಂದೇ. ತೆಪ್ಪಗೆ ಬಿದ್ದಿರು."

ತೊಟ್ಟಿಯ ಮುಚ್ಚಳಕ್ಕೆ ಕೈ ಹಾಕಿದ. ನಾನು ಬಿದ್ದಲ್ಲಿಂದಲೇ ಅವನ ಮಂಡಿಗೆ ಒದ್ದೆ. ಚಿಪ್ಪು ಕಳಚಿತು. ಮುಖ ಟೇಬಲ್ಲಿನ ಅಂಚಿಗೆ ಬಡಿದು, ಎರಡು ಹಲ್ಲು ನೆಲಕ್ಕುರುಳಿದವು. ಆದರೂ ಬಿಡಲಿಲ್ಲ ಬಡ್ಡೀಮಗ. ಮೈಮೇಲೆ ಬಿದ್ದು ಕತ್ತು ಹಿಸುಕಿದ. ಕಣ್ಣು ಕತ್ತಲಿಟ್ಟಿತು... ಬಲಗೈಗೆ ಸುಣ್ಣದ ಮೂಟೆಯ ಬಾಯಿ ಸಿಕ್ಕಿತು.

ಒಂದು ಹಿಡಿ ತೆಗೆದು ಅವನ ಕಣ್ಣಿಗೆ ಎರಚಿದೆ.

ಆ ಕಿರುಚಾಟ ಕನಕಪುರ ರಸ್ತೆಗೆ ಕೇಳಿಸಿರಬೇಕು.

"ಏನೇ... ಏನೇ ಹಾಕ್ದೆ?"

"ಕ್ಯಾಲ್ಸಿಯಂ. ಎಲ್ಲಾ ಒಂದೇ ಅಲ್ವಾ?"

ಕವರನ್ನು ಕಿತ್ತುಕೊಂಡೆ. ಐದೂ ಹುಳ ಒಳಗೇ ಇದ್ದವು. ಕಿಟ್ಟು ನಾಲಿಗೆಯಿಂದ ತನ್ನ ಕಣ್ಣು ನೆಕ್ಕಿಕೊಂಡು ನನ್ನನ್ನೇ ನೋಡುತ್ತಿತ್ತು. ಹೇಳಬೇಕೆಂದರೆ, ನನಗೆ ಅಳು ಬಂತು.

ಮೇಡಂಗೆ ಫೋನ್ ಮಾಡಿದೆ. ಭುಜ ಮುರಿದಿದೆ ಎಂದೆ. ಅದರ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕಿಟ್ಟು ಹಸಿದಿರುತ್ತದೆ, ಬೇಗ ಬಾ ಎಂದರು.

ಹೊರಡುವ ಮೊದಲು ಸೀನುವನ್ನು ಒಂದೇ ಕೈಯಲ್ಲಿ ನಲ್ಲಿಯ ಕೆಳಗೆ ಎಳೆದು ಹಾಕಿ, ಕಣ್ಣಿಗೆ ಧಾರಾಳವಾಗಿ ನೀರು ಬಿಟ್ಟೆ. ಕರುಣೆಯಿಂದಲ್ಲ.

ಮರುದಿನ ಕಟಕಟೆ ಹತ್ತುವ ಸೀತಾಲಕ್ಷ್ಮಿ ಮೇಡಂ ಅವರನ್ನು ಅವನು ಕಣ್ಣು ತುಂಬ ನೋಡಬೇಕಿತ್ತಲ್ಲ!