ಜರ್ಮನ್ ಕಾದಂಬರಿ ಓದಿದವನ ಸಂಶಯ

"ನೋಟೀಸ್ ಜೇವರ್ಗಿಯೊಳಗ ಕೊಡೋಣು," ಅಂದಳು ಭಾಗ್ಯಜ್ಯೋತಿ. ನಾನು ಕುಡಿಯುತ್ತಿದ್ದ ಚಹಾ ಬಾಯಲ್ಲೇ ಕಹಿಯಾಯಿತು.

ನಮ್ಮ ಮದುವೆಯ ನೋಟೀಸ್. ರಿಜಿಸ್ಟರ್ ಮದುವೆಯಾಗುವವರ ಹೆಸರು, ಊರು ಒಂದು ತಿಂಗಳು ಕಚೇರಿಯ ಬೋರ್ಡಿನಲ್ಲಿರುತ್ತದೆ. ಅವಳ ಮನೆ ಇರುವುದು ಆಳಂದದಲ್ಲಿ, ಗೆಸ್ಟ್ ಲೆಕ್ಚರರ್ ಕೆಲಸ ಜೇವರ್ಗಿಯಲ್ಲಿ. ನನ್ನದು ಆಳಂದ ತಾಲೂಕಿನ ನಿಂಬರ್ಗಾ. ನಾವು ಕೂತಿದ್ದದ್ದು ಅಫಜಲಪುರದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ. ನಮ್ಮನ್ನು ಯಾರೂ ಗುರುತಿಸದ ಈ ಊರನ್ನು ಆರಿಸಿದವಳೂ ಅವಳೇ.

ನಾನು ಪಿಎಚ್‌ಡಿ ಮಾಡುತ್ತಿರುವುದು ಹತ್ತೊಂಬತ್ತನೆಯ ಶತಮಾನದ ಜರ್ಮನ್ ಸಾಮಾಜಿಕ ಕಾದಂಬರಿಗಳ ಮೇಲೆ. ನೇಕಾರರು, ಮನೆಗೆಲಸದ ಹುಡುಗಿಯರು, ಕೂಲಿಗಳು, ಅವರನ್ನು ಪ್ರೀತಿಸುವ ಜಮೀನ್ದಾರರ ಮಕ್ಕಳು. ಊರ ಹೊರಗೆ ಆ ಪ್ರೀತಿ ಬಲು ಚೆಂದ. ಊರೊಳಗೆ ಕಾಲಿಟ್ಟ ಕೂಡಲೇ ದೊಡ್ಡವರ ಮಕ್ಕಳಿಗೆ ಮನೆತನ ನೆನಪಾಗುತ್ತದೆ. ಇಂಥವನ್ನೇ ಓದೀ ಓದೀ ನನ್ನ ತಲೆ ಕೆಟ್ಟಿದೆ ಅನ್ನಿ. ಭಾಗ್ಯ ನಕ್ಕರೂ ಯಾಕೆ ನಕ್ಕಳೋ ಅಂತ ಯೋಚಿಸುತ್ತೇನೆ.

ನಿಂಬರ್ಗಾದಲ್ಲಿ ಅವಳ ಅಪ್ಪನ ತೊಗರಿ ಹೊಲವಿದೆ. ನನ್ನವ್ವ ರಮಾಬಾಯಿ ಅದೇ ಹೊಲದಲ್ಲಿ ಕಳೆ ತೆಗೆದವಳು.

"ಆಳಂದದಾಗ ಯಾಕ ಬ್ಯಾಡ?" ಅಂದೆ.

"ಸುಮ್ನ."

"ಸುಮ್ನ ಅಲ್ಲ. ನಿಮ್ಮ ಮಂದಿ ನನ್ನ ಹೆಸರು ಓದ್ತಾರಂತ ನಿನಗ ನಾಚಿಕಿ."

ಅವಳು ಮುಂಗುರುಳನ್ನು ಕಿವಿಯ ಹಿಂದೆ ಸರಿಸಿ, ತಲೆ ವಾರೆ ಮಾಡಿ ನನ್ನನ್ನೇ ನೋಡಿದಳು. ಬೇರೆ ದಿನವಾಗಿದ್ದರೆ ಆ ನೋಟಕ್ಕೇ ಸೋತುಬಿಡುತ್ತಿದ್ದೆ.

"ಮತ್ತ ಶುರು ಆತು ನಿನ್ನ ಜರ್ಮನಿ!"

"ನಗಬ್ಯಾಡ. ಆಳಂದದಾಗ ಹೆಸರು ಹಚ್ಚಿದ್ರ ಮದ್ವಿ. ಇಲ್ಲಂದ್ರ ಇಲ್ಲಿಗೇ ಮುಗೀತು."

ಅಂದಮೇಲೆ ಹಾಗನ್ನಬಾರದಿತ್ತು ಅನ್ನಿಸಿತು. ಆದರೂ ಹಟ ಬಿಡಲಿಲ್ಲ.

ಭಾಗ್ಯ ಫೋನ್ ತೆಗೆದು ಅಪ್ಪನಿಗೆ ಕರೆ ಮಾಡಿದಳು, ಸ್ಪೀಕರ್ ಹಾಕಿದಳು.

"ಅಪ್ಪಾ, ನಾ ಮದ್ವಿ ಆಗಾಕತ್ತೇನ್ರಿ. ಹುಡುಗನ ಹೆಸರು ಧಮ್ಮಪಾಲ. ನಿಂಬರ್ಗಾದ ರಮಾಬಾಯಿ ಮಗ. ಹೌದ್ರಿ, ನಮ್ಮ ಹೊಲಕ್ಕ ಬರ್ತಿದ್ಳಲ್ರಿ, ಆಕಿ ಮಗಾನ."

ಅಪ್ಪನ ಕೈಯಿಂದ ಫೋನ್ ಕಸಿದುಕೊಂಡಂತೆ ಅವಳ ಅಣ್ಣ ಅಣ್ಣಾರಾಯನ ದನಿ ಬಂತು.

"ಎಲ್ಲಿದ್ದೀ ಬೇ? ಅವ ಬಾಜೂಕ ಅದಾನೇನು? ಊರು ಹೇಳು. ಈಗ ಬಂದು ಅವನ ಕೈಕಾಲು ಮುರೀತೇನಿ!"

ಅವಳು ಫೋನ್ ಕಟ್ ಮಾಡಿದಳು.

"ಕೇಳಿದಿಲ್ಲೊ? ಇದಕ್ಕ ಆಳಂದ ಬ್ಯಾಡಂದಿದ್ದೆ. ನಾಚಿಕಿ ಅಂತ ನಾಚಿಕಿ! ನಿನಗ ಏನರ ಆದ್ರ ನಾ ಹೆಂಗ ಬದುಕ್ಲಿ, ಹುಚ್ಚ?"

ಥೂ ನನ್ನ! ಅಷ್ಟು ಪುಸ್ತಕಗಳಲ್ಲಿ ಬರೀ ಮೋಸವನ್ನೇ ಹುಡುಕಿದ್ದೆ. ನನಗಾಗಿ ಹೆದರುವ ಹುಡುಗಿ ಎದುರಿಗೇ ಕೂತಿದ್ದರೂ ಕಂಡಿರಲಿಲ್ಲ. ಹೋಟೆಲಿನವರೆಲ್ಲ ನೋಡುತ್ತಿದ್ದಂತೆಯೇ ಅವಳ ಕೈ ಹಿಡಿದುಕೊಂಡೆ.

"ತಪ್ಪಾತು ಭಾಗ್ಯಾ. ನೀ ಅಂದ್ರ ನನಗ ಜೀವ."

ಅವಳು ಓಢಣಿಯಿಂದ ಕಣ್ಣು ಒರೆಸಿಕೊಂಡಳು. "ಎಲ್ಲಾರಿಗೂ ಗೊತ್ತಾತಲ್ಲ. ಈಗ ನಡಿ, ಆಳಂದಕ್ಕೇ ಹೋಗೋಣು. ನಾ ತಯಾರದೀನಿ."

"ಬ್ಯಾಡ. ಜೇವರ್ಗಿಗೇ ಹೋಗೋಣು."

"ಯಾಕ? ಈಗ ನಿನಗ ನಾಚಿಕಿ ಆತೇನು?"

"ಹೆದರಿಕಿ ಆತು. ನಿನಗ ಹೊಡದ್ರ?"

ಅಳುತ್ತಲೇ ನಕ್ಕಳು.

ಜೇವರ್ಗಿ ಬಸ್ ಬಂದು ನಿಂತಿತ್ತು. ಅವಳಿಗೆ ಕಿಟಕಿ ಸೀಟು ಬಿಟ್ಟು ಪಕ್ಕದಲ್ಲಿ ಕೂತೆ. ಡ್ರೈವರ್ ಇನ್ನೂ ಚಹಾ ಕುಡಿಯುತ್ತಿದ್ದ. ಬಸ್ ಹೊರಡುವವರೆಗೂ, ಅಣ್ಣಾರಾಯ ಬಂದುಬಿಟ್ಟಾನೆಂದು ಇಬ್ಬರೂ ಆಳಂದದ ರಸ್ತೆಯನ್ನೇ ನೋಡುತ್ತಿದ್ದೆವು, ಕೈ ಮಾತ್ರ ಬಿಡಲಿಲ್ಲ.